ಆಲೂಗಡ್ಡೆಯ ಸೂಪು ಮತ್ತು ಒಂದು ಹಳೆಯ ಪ್ರಶ್ನೆ



ಕಳೆದ ಚಳಿಗಾಲದಲ್ಲಿ ನಾನೂ ನನ್ನ ಶ್ರೀಮತಿಯೂ ಅಮೆರಿಕದ ಷಿಕಾಗೋ ನಗರದ ಹೊರವಲಯದಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆವು. ಅಲ್ಲಿನ ಅನುಭವಗಳನ್ನು ಬರೆಯಬೇಕೆಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ನಯಾಗರ ಜಲಪಾತವನ್ನು ಕುರಿತ ಪ್ರವಾಸಕಥನಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಆದ್ದರಿಂದ ಆ ಕೆಲಸವನ್ನು ಬಲ್ಲವರಿಗೆ ಬಿಟ್ಟು, ಆ ಮನೆಯ ಅಡಿಗೆಕಟ್ಟೆಯ ಮೇಲಿದ್ದ ಒಂದು ಮಡಕೆಯನ್ನೂ ಅದರಲ್ಲಿ ಬೆಂದ ಆಲೂಗಡ್ಡೆಯ ಸೂಪನ್ನೂ ಅದು ನೆನಪಿಸಿದ ನನ್ನ ಒಂದು ಹಳೆಯ ಸಾಲವನ್ನೂ ಕುರಿತು ಬರೆಯಲು ಹೊರಟಿದ್ದೇನೆ. ಇತಿಹಾಸದ ಮೇಷ್ಟ್ರಿಗೆ ಸೂಪಿನ ಬಟ್ಟಲಿನಲ್ಲಿಯೂ ಇಸವಿಗಳೇ ತೇಲುತ್ತವೆ ಎಂದು ನನ್ನ ಶ್ರೀಮತಿ ಹಾಸ್ಯ ಮಾಡಿದ್ದುಂಟು. ಮಾಡಲಿ.

ಜನವರಿಯ ಒಂದು ಬೆಳಗ್ಗೆ. ಹೊರಗೆ ಮೊಣಕಾಲುದ್ದ ಹಿಮ. ಮಗಳು ಕಚೇರಿಗೆ ಹೊರಡುವ ಅವಸರದಲ್ಲಿಯೇ ಆಲೂಗಡ್ಡೆಗಳನ್ನು ಹೆಚ್ಚಿ, ಬಿಳಿಯ ಪಿಂಗಾಣಿಯಂತೆ ಹೊಳೆಯುವ ದಪ್ಪನೆಯ ಮಣ್ಣಿನ ಪಾತ್ರೆಯೊಂದಕ್ಕೆ ತುಂಬಿ, ಮೇಲೆ ಗಾಜಿನ ಮುಚ್ಚಳವನ್ನಿಟ್ಟು, ಅದರ ಗುಂಡಿಯೊಂದನ್ನು ತಿರುಗಿಸಿದಳು. “ಅಪ್ಪಾ, ಸಂಜೆಯವರೆಗೂ ಇದನ್ನು ಮುಟ್ಟಬೇಡಿ. ಮುಚ್ಚಳ ತೆಗೆದು ನೋಡುವುದಂತೂ ಬೇಡವೇ ಬೇಡ” ಎಂದು ಹೇಳಿ ಹೊರಟುಹೋದಳು. ಒಲೆಯ ಮೇಲೆ ಪಾತ್ರೆಯಿಟ್ಟು ಮನೆಯಿಂದ ಹೊರಗೆ ಹೋಗುವುದು ನಮ್ಮ ಕಾಲದಲ್ಲಿ ಅಪರಾಧವಾಗಿತ್ತು. ನಾನು ಹತ್ತು ಗಂಟೆಗೊಮ್ಮೆ, ಹನ್ನೊಂದಕ್ಕೊಮ್ಮೆ ಹೋಗಿ ನೋಡಿದೆ. ಕುದಿಯ ಸದ್ದಿಲ್ಲ, ಸೀಟಿಯಿಲ್ಲ, ಉಕ್ಕುವುದಿಲ್ಲ. ಗಾಜಿನ ಒಳಮೈಯಲ್ಲಿ ಹನಿಗಳು ಕೂಡಿ ಕೂಡಿ ಕೆಳಗಿಳಿಯುತ್ತಿದ್ದವು, ಅಷ್ಟೇ. ಒಮ್ಮೆ ಮುಚ್ಚಳವನ್ನು ಎತ್ತಿಯೂ ಬಿಟ್ಟೆ. ಒಮ್ಮೆ ತೆಗೆದರೆ ಒಳಗಿನ ಕಾವು ಮರಳಿ ಕೂಡಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕಾಗುತ್ತದೆಯೆಂದು ಸಂಜೆ ಬೈಸಿಕೊಂಡ ಮೇಲೆ ತಿಳಿಯಿತು.

ಸೂಪಿನ ವಿಧಾನವನ್ನು ಕೇಳುವವರು ಇದ್ದೇ ಇರುತ್ತೀರಿ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಒಂದು ಕಿಲೋ ಆಲೂಗಡ್ಡೆಯನ್ನು ಸಿಪ್ಪೆ ತೆಗೆದು ಒಂದೇ ಗಾತ್ರದ ಹೋಳುಗಳಾಗಿ ಹೆಚ್ಚಬೇಕು. ಎರಡು ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಒಂದು ಕ್ಯಾರೆಟ್, ಉಪ್ಪು, ಒಂದು ಚಮಚ ಬೆಣ್ಣೆ. ತರಕಾರಿ ಬೇಯಿಸಿದ ನೀರು ಹೋಳುಗಳು ಮುಳುಗುವಷ್ಟು, ಸುಮಾರು ಒಂದು ಲೀಟರು. ಅಮೆರಿಕದವರು ಕೋಳಿಯ ಸಾರನ್ನೂ ಹಂದಿಯ ಮಾಂಸದ ತುಣುಕುಗಳನ್ನೂ ಹಾಕುತ್ತಾರೆ. ನಮ್ಮ ಮನೆಯಲ್ಲಿ ಅವುಗಳ ಬದಲು ಕರಿಮೆಣಸು. ಕಡಿಮೆ ಕಾವಿನಲ್ಲಿಟ್ಟರೆ ಏಳೆಂಟು ಗಂಟೆ, ಹೆಚ್ಚಿನದರಲ್ಲಿಟ್ಟರೆ ನಾಲ್ಕು ಗಂಟೆ. ಬೆಂದ ಮೇಲೆ ಅರ್ಧದಷ್ಟು ಹೋಳುಗಳನ್ನು ಪಾತ್ರೆಯಲ್ಲಿಯೇ ಕಡೆದು, ಕೊನೆಯ ಅರ್ಧ ಗಂಟೆಯಲ್ಲಿ ಒಂದು ಲೋಟ ಹಾಲನ್ನೂ ಸ್ವಲ್ಪ ಕೆನೆಯನ್ನೂ ಸೇರಿಸಬೇಕು. ಹಾಲನ್ನು ಬೆಳಗ್ಗೆಯೇ ಹಾಕಿದರೆ ಒಡೆಯುತ್ತದೆ. ಹುಳಿಯ ಪದಾರ್ಥಗಳನ್ನೂ, ಟೊಮೇಟೊ ಆಗಲಿ ನಿಂಬೆಯಾಗಲಿ, ಮೊದಲೇ ಹಾಕಬಾರದು. ಹುಳಿಯಿದ್ದಲ್ಲಿ ಆಲೂಗಡ್ಡೆ ಮೆತ್ತಗಾಗಲು ಮೊಂಡುತನ ಮಾಡುತ್ತದೆ. ಇನ್ನೊಂದು ಎಚ್ಚರಿಕೆ: ಇದೇ ಪಾತ್ರೆಯಲ್ಲಿ ರಾಜ್ಮಾ ಬೇಯಿಸುವ ಆಸೆಯಾದರೆ, ನೆನೆಸಿದ ಕಾಳನ್ನು ಮೊದಲು ಒಲೆಯ ಮೇಲೆ ಹತ್ತು ನಿಮಿಷ ಚೆನ್ನಾಗಿ ಕುದಿಸಿಕೊಳ್ಳಿ. ಹಸಿ ರಾಜ್ಮಾದಲ್ಲಿರುವ ವಿಷಾಂಶ ಈ ಮಂದವಾದ ಕಾವಿಗೆ ಜಗ್ಗುವುದಿಲ್ಲ.

ಸೂಪಿಗೆ ಕೆನೆಯಂತಹ ದಪ್ಪ ಬರುವುದು ನಿಜವಾಗಿ ಕೆನೆಯಿಂದಲ್ಲ, ಆಲೂಗಡ್ಡೆಯ ಪಿಷ್ಟದಿಂದ. ಬೆಂದಾಗ ಹಿಟ್ಟುಹಿಟ್ಟಾಗುವ ತಳಿಯಾದರೆ ಉತ್ತಮ. ಊರಿಗೆ ಬಂದ ಮೇಲೆ ನಮ್ಮ ಕುಫ್ರಿ ಜ್ಯೋತಿಯಲ್ಲಿಯೂ ಮಾಡಿ ನೋಡಿದೆ. ವಿದ್ಯುತ್ತಿನ ಮಡಕೆ ಇಲ್ಲದ್ದರಿಂದ ದಪ್ಪ ತಳದ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ. ಚೆನ್ನಾಗಿಯೇ ಬಂತು.

ಈಗ ಆ ಮಡಕೆಯ ಚರಿತ್ರೆಗೆ ಬರೋಣ. ಅದು ಹುಟ್ಟಿದ್ದು ನಾನು ಕುಳಿತಿದ್ದ ಷಿಕಾಗೋ ನಗರದಲ್ಲಿಯೇ ಎಂಬುದು ತಿಳಿದಾಗ ನನಗೆ ಆನಂದವಾಯಿತು. 1902ರಲ್ಲಿ ಜನಿಸಿದ ಇರ್ವಿಂಗ್ ನಾಖುಮ್‌ಸನ್ ಎಂಬ ಯಹೂದಿ ಎಂಜಿನಿಯರ್ ಇದರ ಜನಕ. ಮುಂದೆ ಆತ ತನ್ನ ಹೆಸರನ್ನು ನ್ಯಾಕ್ಸನ್ ಎಂದು ಬದಲಾಯಿಸಿಕೊಂಡ. ಆತನ ತಾಯಿಯ ತವರು, ಈಗ ಲಿಥುವೇನಿಯದ ರಾಜಧಾನಿಯಾಗಿರುವ ವಿಲ್ನಿಯಸ್. ಯಹೂದಿಗಳಿಗೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸಂಜೆಯವರೆಗೆ ಸಬ್ಬತ್, ಅಂದರೆ ವಿಶ್ರಾಂತಿಯ ದಿನ. ಆಗ ಬೆಂಕಿ ಹೊತ್ತಿಸುವಂತಿಲ್ಲ, ಅಡಿಗೆ ಮಾಡುವಂತಿಲ್ಲ. ಆದ್ದರಿಂದ ಶುಕ್ರವಾರ ಸಂಜೆಯೇ ಕಾಳು, ಆಲೂಗಡ್ಡೆ, ಮಾಂಸ ತುಂಬಿದ ಮಡಕೆಯನ್ನು ಮಕ್ಕಳ ಕೈಯಲ್ಲಿ ಊರಿನ ಬೇಕರಿಗೆ ಕಳುಹಿಸುತ್ತಿದ್ದರು. ಬೇಕರಿಯವನು ಒಲೆಯ ಬೆಂಕಿಯನ್ನು ಆರಿಸಿದ ನಂತರ ಉಳಿಯುವ ಕಾವಿನಲ್ಲಿಯೇ ಅದು ಇಡೀ ರಾತ್ರಿ ಬೇಯುತ್ತಿತ್ತು. ಚೋಲೆಂಟ್ ಎಂಬ ಆ ಅಡಿಗೆಯ ನೆನಪನ್ನು ತಾಯಿ ಮಗನಿಗೆ ಹೇಳಿದ್ದಳು. ಮಗ, ಒಳಗಿನ ಪಾತ್ರೆಯನ್ನು ಸುತ್ತಲೂ ಬಳಸಿ ಸಮನಾಗಿ ಕಾಯಿಸುವ ವಿದ್ಯುತ್ ಸುರುಳಿಯೊಂದನ್ನು ಯೋಚಿಸಿ 1936ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1940ರ ಜನವರಿಯಲ್ಲಿ ಅದು ದೊರೆಯಿತು. ಮೂರು ದಶಕ ಅದನ್ನು ಕೇಳಿದವರು ಕಡಿಮೆ. 1970ರಲ್ಲಿ ಕಾನ್ಸಾಸ್ ನಗರದ ರೈವಲ್ ಎಂಬ ಕಂಪನಿ ಆತನ ಉದ್ಯಮವನ್ನು ಕೊಂಡು, ಮರುವರ್ಷ ‘ಕ್ರಾಕ್ ಪಾಟ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅಮೆರಿಕದ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಹೊರಗೆ ದುಡಿಯಲು ಹೊರಟ ಕಾಲವದು. ಬೆಳಗ್ಗೆ ತುಂಬಿಟ್ಟು ಹೋದರೆ ಸಂಜೆಗೆ ಬಿಸಿಯೂಟ. ದೇವರಿಗಾಗಿ ಕೆಲಸ ನಿಲ್ಲಿಸಿದವರ ಮಡಕೆ, ಕೆಲಸಕ್ಕೆ ಹೋಗುವವರ ಮಡಕೆಯಾಯಿತು. ನಮ್ಮ ಅಜ್ಜಿ ಬೂದಿ ಮುಚ್ಚಿದ ಬೆರಣಿಯ ಕೆಂಡದ ಮೇಲೆ ಹಾಲಿನ ಮಡಕೆಯನ್ನಿಟ್ಟು ಗದ್ದೆಗೆ ಹೋಗಿ, ಸಂಜೆ ಬಂದು ಬೆರಳುದಪ್ಪ ಕೆನೆಯನ್ನು ತೆಗೆಯುತ್ತಿದ್ದುದು ನೆನಪಾಯಿತು. ಪಾಪ, ಅವಳಿಗೆ ಪೇಟೆಂಟ್ ಎಂಬ ಪದ ಗೊತ್ತಿರಲಿಲ್ಲ.

ಆಲೂಗಡ್ಡೆಗೂ ನಿಧಾನವಾದ ಕಾವಿಗೂ ಇದಕ್ಕಿಂತ ಹಳೆಯ ನಂಟೊಂದಿದೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಕೌಂಟ್ ರಮ್‌ಫರ್ಡ್ ಗೊತ್ತು: ಫಿರಂಗಿಯ ಕೊಳವೆಯನ್ನು ಕೊರೆಯುವಾಗ ಹುಟ್ಟುವ ಉಷ್ಣವನ್ನು ಕಂಡು, ಉಷ್ಣವೆಂಬುದು ಒಂದು ದ್ರವವಲ್ಲ, ಚಲನೆಯ ರೂಪ ಎಂದು 1798ರಲ್ಲಿ ವಾದಿಸಿದವನು. ಅಮೆರಿಕದಲ್ಲಿ ಹುಟ್ಟಿ, ಅಲ್ಲಿನ ಸ್ವಾತಂತ್ರ್ಯಯುದ್ಧದಲ್ಲಿ ಇಂಗ್ಲೆಂಡಿನ ಪಕ್ಷ ವಹಿಸಿ, ಆಮೇಲೆ ಜರ್ಮನಿಯ ಬವೇರಿಯದ ಅರಸನ ಸೇವೆಗೆ ಸೇರಿದವನು. 1790ರ ಹೊಸವರ್ಷದ ದಿನ ಮ್ಯೂನಿಕ್ ನಗರದ ಭಿಕ್ಷುಕರನ್ನೆಲ್ಲ ಸೈನಿಕರಿಂದ ಹಿಡಿಸಿ, ಕೆಲಸದ ಮನೆಗೆ ಸೇರಿಸಿ, ಅವರಿಗೆ ಅತ್ಯಂತ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸುವುದು ಹೇಗೆಂದು ಲೆಕ್ಕ ಹಾಕಿದ. ಬಾರ್ಲಿ, ಬಟಾಣಿ, ಆಲೂಗಡ್ಡೆ, ಹುಳಿ, ಉಪ್ಪು, ಒಣ ಬ್ರೆಡ್ಡಿನ ಚೂರು. ಮಂದ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ನೀರನ್ನೇ ದಪ್ಪಗೊಳಿಸುವುದು ಅವನ ಗುಟ್ಟು. ಆದರೆ ಆ ಕಾಲದ ಬವೇರಿಯದವರಿಗೆ ಆಲೂಗಡ್ಡೆಯೆಂದರೆ ಅಸಹ್ಯ. ಭಿಕ್ಷುಕರೂ ತಿನ್ನುವುದಿಲ್ಲವೆಂದರು! ಅದಕ್ಕೆ ಅವನು ಯಾರಿಗೂ ಕಾಣದಂತೆ ಬೇರೆ ಕೋಣೆಯಲ್ಲಿ ಅದನ್ನು ಗುರುತು ಸಿಗದ ಹಾಗೆ ಕರಗಿಸಿ ಸೂಪಿಗೆ ಬೆರೆಸಿಸಿದ. ರುಚಿ ಹತ್ತಿದ ಮೇಲೆಯೇ ಗುಟ್ಟು ಬಿಟ್ಟದ್ದು. ಸ್ವಾರಸ್ಯವೆಂದರೆ, ಆಲೂಗಡ್ಡೆ ಒಣಗಿಸಲೆಂದು ಮಾಡಿದ ಯಂತ್ರದಲ್ಲಿ ಅವನು ಪರೀಕ್ಷೆಗಾಗಿ ಒಮ್ಮೆ ಮಾಂಸದ ತುಂಡೊಂದನ್ನಿಟ್ಟ. ಮೂರು ಗಂಟೆಯಾದರೂ ಬೇಯದಿರಲು ಬೇಸತ್ತು ಹೊರಟುಹೋದ. ಮರುದಿನ ಬೆಳಗ್ಗೆ ನೋಡಿದರೆ, ಇಡೀ ರಾತ್ರಿಯ ಮಂದ ಕಾವಿನಲ್ಲಿ ಅದು ಅವನು ಹಿಂದೆಂದೂ ಉಂಡಿರದಷ್ಟು ಮೃದುವಾಗಿ ಬೆಂದಿತ್ತು.

ಯೂರೋಪಿನವರು ಇಷ್ಟು ಹೇಸಿದ ಆಲೂಗಡ್ಡೆಯನ್ನು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಜನ, ಈಗಿನ ಪೆರು ಮತ್ತು ಬೊಲಿವಿಯ ದೇಶಗಳ ನಡುವಣ ಟಿಟಿಕಾಕ ಸರೋವರದ ಸೀಮೆಯಲ್ಲಿ, ಏಳು ಸಾವಿರ ವರ್ಷಗಳಿಗೂ ಹಿಂದೆಯೇ ಪಳಗಿಸಿದ್ದರು. ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲು ಬಿಸಿಲಿನಲ್ಲಿ ಹರಡಿ, ಕಾಲಿನಿಂದ ತುಳಿದು ನೀರು ಹಿಂಡಿ ಅವರು ಮಾಡುವ ‘ಚುನ್ಯೊ’ ವರ್ಷಗಟ್ಟಲೆ ಕೆಡುವುದಿಲ್ಲ; ಅದನ್ನು ನೆನೆಸಿ ಇಂದಿಗೂ ಸಾರು ಮಾಡುತ್ತಾರೆ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಹಡಗುಗಳಲ್ಲಿ ಅದು ಯೂರೋಪಿಗೆ ಬಂತು. ನಮ್ಮ ದೇಶಕ್ಕೆ ಬಂದದ್ದು ಪೋರ್ಚುಗೀಸರಿಂದ ಎಂಬುದಕ್ಕೆ ಮಂಗಳೂರಿನ ಕಡೆಯವರ ‘ಬಟಾಟೆ’ ಎಂಬ ಮಾತೇ ಸಾಕ್ಷಿ. ಫ್ರಾನ್ಸಿನಲ್ಲಿ ಆಲೂಗಡ್ಡೆಗೆ ಮರ್ಯಾದೆ ತಂದವನು ಪಾರ್ಮಾಂತಿಯೆ ಎಂಬ ಔಷಧತಜ್ಞ. ಪ್ರಷ್ಯದ ಸೆರೆಯಲ್ಲಿದ್ದಾಗ ಅದನ್ನೇ ತಿಂದು ಬದುಕಿ ಬಂದವನು ಅವನು. ಫ್ರೆಂಚರ ಆಲೂಗಡ್ಡೆಯ ಸೂಪಿಗೆ ಇಂದಿಗೂ ಅವನ ಹೆಸರೇ.

ಇನ್ನು ನನ್ನ ಸಾಲದ ವಿಷಯ.

ಎರಡನೆಯ ಬಾರಿ ಸೂಪು ಮಾಡುವಾಗ ಹೆಚ್ಚುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅಂಗಡಿಯಿಂದ ತಂದ ಚೀಲದಲ್ಲಿ ಒಂದು ಗಡ್ಡೆ ಕೊಳೆತಿತ್ತು. ಕೊಯ್ದರೆ ಸಿಪ್ಪೆಯ ಕೆಳಗೆ ಕಂದು ಬಣ್ಣ, ಮೂಗಿಗೆ ಆ ವಾಸನೆ. ಆ ವಾಸನೆ ನನ್ನನ್ನು ನೇರವಾಗಿ ಹಾಸನ ಜಿಲ್ಲೆಯ ನಮ್ಮ ಶಾಲೆಯ ಹತ್ತನೆಯ ತರಗತಿಯ ಕೋಣೆಗೆ ಎಳೆದುಕೊಂಡು ಹೋಯಿತು. 1990ರ ದಶಕದ ನಡುವಿನ ಒಂದು ಆಗಸ್ಟ್. ಹದಿನೈದು ದಿನಗಳಿಂದ ಬಿಡದ ಸೋನೆಮಳೆ, ಮೋಡ. ಆ ಸೀಮೆಯವರಾದ ನಿಮಗೆ ವಿವರಿಸಬೇಕಾಗಿಲ್ಲ: ಪಂಜಾಬಿನ ಜಲಂಧರದಿಂದ ಬಂದ ಬಿತ್ತನೆಗಡ್ಡೆಯನ್ನು ಸಾಲ ಮಾಡಿ ಕೊಂಡು ಮೇ ತಿಂಗಳಲ್ಲಿ ನೆಟ್ಟಿರುತ್ತಾರೆ, ಇಂತಹ ಹವೆ ಹಿಡಿದರೆ ಅಂಗಮಾರಿ. ಬೆಳಗ್ಗೆ ಹಸಿರಾಗಿದ್ದ ಹೊಲ ಮೂರು ನಾಲ್ಕು ದಿನಗಳಲ್ಲಿ ಬೆಂಕಿ ತಗುಲಿದಂತೆ ಕಪ್ಪಾಗುತ್ತದೆ. ಶಾಲೆಯ ಕಿಟಕಿಯಿಂದಲೇ ಆ ವಾಸನೆ ಬರುತ್ತಿತ್ತು.

ಅಂದು ಯೂರೋಪಿನ ಪಾಠದ ನಡುವೆ ಪ್ರಸಂಗವಶಾತ್ ನಾನು ಐರ್ಲೆಂಡಿನ ಕ್ಷಾಮವನ್ನು ಹೇಳಿದೆ. “1845ರಲ್ಲಿ ಆಲೂಗಡ್ಡೆಗೆ ರೋಗ ಬಂದು ಐರ್ಲೆಂಡಿನಲ್ಲಿ ಹತ್ತು ಲಕ್ಷ ಜನ ಸತ್ತರು.” ಒಂದೇ ವಾಕ್ಯ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸಾರ್, ನಮ್ಮ ಹೊಲಕ್ಕೂ ಅದೇ ರೋಗ ಬಂದೈತೆ. ಪೂರ್ತಿ ಹೋಯ್ತು. ಅವರು ಯಾಕೆ ಸತ್ತರು, ನಾವು ಯಾಕೆ ಸಾಯಲ್ಲ?” ತರಗತಿ ನಕ್ಕಿತು. ಉತ್ತರ ಗೊತ್ತಿಲ್ಲದಿದ್ದರೆ ‘ನಾಳೆ ತಿಳಿದು ಹೇಳುತ್ತೇನೆ’ ಎನ್ನಬೇಕೆಂದು ಬಿ.ಎಡ್. ತರಗತಿಯಲ್ಲಿ ನಮಗೆ ಕಲಿಸಿದ್ದರು. ನಾನು ಹಾಗೆ ಹೇಳಲಿಲ್ಲ. “ಪರೀಕ್ಷೆಗೆ ಬರುವುದಿಲ್ಲ, ಕೂತ್ಕೋ” ಎಂದೆ. ಅದು ಹಾಸ್ಯಪ್ರಶ್ನೆಯಲ್ಲವೆಂದು ನನಗೆ ಹೊಳೆದದ್ದು, ಆ ವರ್ಷ ಅವನು ಎಸ್.ಎಸ್.ಎಲ್.ಸಿ. ಪರೀಕ್ಷೆಯ ಶುಲ್ಕ ಕಟ್ಟಲು ಬಾರದಿದ್ದಾಗ.

ಅವನ ಪ್ರಶ್ನೆ ಇತಿಹಾಸದ ಅತ್ಯುತ್ತಮ ಪ್ರಶ್ನೆಗಳಲ್ಲಿ ಒಂದು. ನಿವೃತ್ತಿಯ ನಂತರ ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. ನಾನು ಅಂದು ಹೇಳಿದ ವಾಕ್ಯದಲ್ಲಿ ಇಸವಿ ಸರಿ, ಸಂಖ್ಯೆ ಸರಿ. ‘ರೋಗ ಬಂದು ಸತ್ತರು’ ಎಂಬ ಕಾರಣ ಅರ್ಧ ಸತ್ಯ.

1845ರಲ್ಲಿ ಅದೇ ರೋಗ ಬೆಲ್ಜಿಯಂ, ನೆದರ್‌ಲೆಂಡ್ಸ್ ದೇಶಗಳ ಹೊಲಗಳನ್ನೂ ಕಪ್ಪಾಗಿಸಿತು. ಅಲ್ಲಿಯೂ ಜನ ಸತ್ತರು, ಆದರೆ ಐರ್ಲೆಂಡಿನ ಪ್ರಮಾಣದಲ್ಲಲ್ಲ. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷವಿದ್ದ ಐರ್ಲೆಂಡಿನ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಹತ್ತು ಲಕ್ಷ ಸತ್ತರೆ, ಅಷ್ಟೇ ಮಂದಿ, ಅದಕ್ಕೂ ಹೆಚ್ಚು, ಹಡಗು ಹತ್ತಿ ದೇಶ ಬಿಟ್ಟರು. ಏಕೆ? ಭೂಮಿಯೆಲ್ಲ ಜಮೀನುದಾರರದು; ಅವರಲ್ಲಿ ಅನೇಕರು ಇಂಗ್ಲೆಂಡಿನಲ್ಲಿಯೇ ಕುಳಿತು ಗೇಣಿ ಎಣಿಸುವವರು. ಗೋಧಿ, ಓಟ್ಸ್, ದನಕರುಗಳೆಲ್ಲ ಗೇಣಿಗೆ ಮತ್ತು ಮಾರಾಟಕ್ಕೆ. ಕೂಲಿಯ ಬದಲಿಗೆ ದೊರೆತ ತುಂಡು ನೆಲದಲ್ಲಿ ಒಂದು ಸಂಸಾರದ ಹೊಟ್ಟೆ ತುಂಬಿಸಬಲ್ಲ ಬೆಳೆ ಆಲೂಗಡ್ಡೆಯೊಂದೇ. ದುಡಿಯುವ ಗಂಡಸು ದಿನಕ್ಕೆ ಐದು ಕಿಲೋ ಆಲೂಗಡ್ಡೆಯನ್ನು ಮಜ್ಜಿಗೆಯೊಂದಿಗೆ ತಿನ್ನುತ್ತಿದ್ದ. ಸುಮಾರು ಮೂವತ್ತು ಲಕ್ಷ ಬಡವರಿಗೆ ಅದೇ ಅನ್ನ, ಅದೇ ಪಲ್ಯ. ಅದರಲ್ಲಿಯೂ ‘ಲಂಪರ್’ ಎಂಬ ಒಂದೇ ತಳಿ. ಗಡ್ಡೆಯಿಂದ ಗಡ್ಡೆಗೆ ಬೆಳೆಸುವುದರಿಂದ ದೇಶದ ಹೊಲವೆಲ್ಲ ಒಂದೇ ಗಿಡವಿದ್ದಂತೆ. ಒಂದು ಬಿದ್ದರೆ ಎಲ್ಲವೂ ಬಿದ್ದಂತೆ.

ಮತ್ತೆ ಸೂಪಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಐರ್ಲೆಂಡಿನ ಕಥೆಯ ತಿರುಳಿರುವುದು ಸೂಪಿನಲ್ಲಿಯೇ. ಮೊದಲು ಸರ್ಕಾರ ಹಸಿದವರಿಂದ ರಸ್ತೆ ಕಡಿಸಿತು. 1847ರ ಮಾರ್ಚಿನ ವೇಳೆಗೆ ಏಳು ಲಕ್ಷಕ್ಕೂ ಹೆಚ್ಚು ಜನ ಚಳಿಯಲ್ಲಿ ಕಲ್ಲು ಒಡೆಯುತ್ತಿದ್ದರು, ಒಡೆಯುತ್ತಲೇ ಸಾಯುತ್ತಿದ್ದರು. ಆಗ ಕಾನೂನೊಂದನ್ನು ತಂದು ಗಂಜಿಕೇಂದ್ರಗಳನ್ನು ತೆರೆದರು. ಕ್ವೇಕರ್ ಪಂಥದ ಪುಣ್ಯಾತ್ಮರು ಅದಕ್ಕೂ ಮೊದಲೇ ಕಡಾಯಿಗಳನ್ನು ಹೂಡಿದ್ದರು. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಪ್ರಸಿದ್ಧ ಬಾಣಸಿಗ ಅಲೆಕ್ಸಿಸ್ ಸೋಯೆ ಡಬ್ಲಿನ್ ನಗರದಲ್ಲಿ 1847ರ ಏಪ್ರಿಲ್‌ನಲ್ಲಿ ಮಾದರಿ ಪಾಕಶಾಲೆಯೊಂದನ್ನು ತೆರೆದ. ಮುನ್ನೂರು ಗ್ಯಾಲನ್ನಿನ ಕಡಾಯಿ. ಚಮಚಗಳನ್ನು ಮೇಜಿಗೆ ಸರಪಳಿಯಿಂದ ಕಟ್ಟಿದ್ದರು. ಗಂಟೆ ಬಾರಿಸಿದಾಗ ನೂರು ಮಂದಿ ಒಳಗೆ ಬಂದು, ತಿಂದು, ಆರು ನಿಮಿಷದಲ್ಲಿ ಹೊರಟುಹೋಗಬೇಕು. ಬಡವರು ಉಣ್ಣುವುದನ್ನು ನೋಡಲು ಶ್ರೀಮಂತರು ಐದು ಷಿಲಿಂಗ್ ಕೊಟ್ಟು ಬಂದರಂತೆ. ಆತನ ಸೂಪಿನ ಅಳತೆಯನ್ನು ನೋಡಿ: ಒಂಬತ್ತು ಲೀಟರು ನೀರಿಗೆ ಮಾಂಸ ಬರೀ ನೂರ ಹದಿಮೂರು ಗ್ರಾಂ. ಉಳಿದದ್ದು ಒಂದಿಷ್ಟು ಹಿಟ್ಟು, ಬಾರ್ಲಿ, ಈರುಳ್ಳಿ. ಇದರಿಂದ ಮನುಷ್ಯ ಬದುಕುವುದು ಹೇಗೆಂದು ಅಂದೇ ವೈದ್ಯರು ಆಕ್ಷೇಪಿಸಿದ್ದರು.

ಆದರೂ ಒಂದು ಮಾತನ್ನು ಒಪ್ಪಲೇಬೇಕು. 1847ರ ಜುಲೈನಲ್ಲಿ ಐರ್ಲೆಂಡಿನ ಗಂಜಿಕೇಂದ್ರಗಳು ದಿನಕ್ಕೆ ಮೂವತ್ತು ಲಕ್ಷ ಜನರಿಗೆ ಊಟ ಕೊಟ್ಟವು. ತೆಳುವೋ ದಪ್ಪವೋ, ಊಟ ಸಿಕ್ಕಿತು, ಸಾವು ಇಳಿಯಿತು. ರಸ್ತೆಯ ಕೆಲಸಕ್ಕಿಂತ ಖರ್ಚೂ ಕಡಿಮೆಯಾಯಿತು. ಅಂದರೆ ಮನಸ್ಸಿದ್ದರೆ ಉಣಿಸಲು ಸಾಧ್ಯವಿತ್ತು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಆ ಕಡಾಯಿಗಳನ್ನು ಕವುಚಿ ಹಾಕಿದರು. ಆ ವರ್ಷ ರೋಗ ಕಡಿಮೆಯಿತ್ತು ನಿಜ. ಆದರೆ ಬಿತ್ತನೆಗಡ್ಡೆಯನ್ನೇ ತಿಂದು ಮುಗಿಸಿದ್ದವರು ನೆಟ್ಟದ್ದೇ ಅಲ್ಪ. ಮರುವರ್ಷ ರೋಗ ಮರಳಿ ಬಂತು. ಇನ್ನು ಮುಂದೆ ಪರಿಹಾರ ಬೇಕಾದವರು ಸ್ಥಳೀಯ ಬಡವರ ನಿಧಿಯನ್ನು ಬೇಡಬೇಕು. ಅದಕ್ಕೂ ಗ್ರೆಗರಿ ಎಂಬ ಸಂಸದ ಒಂದು ನಿಬಂಧನೆ ಸೇರಿಸಿದ್ದ: ಕಾಲು ಎಕರೆಗಿಂತ ಹೆಚ್ಚು ನೆಲ ಹಿಡಿದವನಿಗೆ ನೆರವಿಲ್ಲ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಮಕ್ಕಳಿಗೆ ಗಂಜಿ ಬೇಕಾದರೆ ಹನ್ನೊಂದನೆಯ ಗುಂಟೆಯನ್ನು ಬಿಟ್ಟುಕೊಡು! ಬಿಟ್ಟವರ ಗುಡಿಸಲುಗಳನ್ನು ಜಮೀನುದಾರರು ಕೆಡವಿಸಿದರು. ಈ ವರ್ಷಗಳಲ್ಲೆಲ್ಲ ಧಾನ್ಯವೂ ದನಗಳೂ ಬಂದರುಗಳಿಂದ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. 1847ರಲ್ಲಿ ಹೊರಗೆ ಹೋದುದಕ್ಕಿಂತ ಒಳಗೆ ಬಂದ ಮೆಕ್ಕೆಜೋಳವೇ ಹೆಚ್ಚೆಂಬುದನ್ನೂ ಹೇಳಬೇಕು, ಇಲ್ಲವಾದರೆ ನಾನು ಮತ್ತೆ ಅರ್ಧ ಸತ್ಯ ಹೇಳಿದಂತಾದೀತು. ಆದರೆ ಕೊಳ್ಳಲು ಕಾಸಿಲ್ಲದವನಿಗೆ ಬಂದರಿಗೆ ಬಂದ ಜೋಳದಿಂದ ಏನು ಪ್ರಯೋಜನ?

ಈ ಪರಿಹಾರದ ಲಗಾಮು ಲಂಡನ್ನಿನ ಖಜಾನೆಯ ಅಧಿಕಾರಿ ಚಾರ್ಲ್ಸ್ ಟ್ರೆವೆಲಿಯನ್ ಎಂಬವನ ಕೈಯಲ್ಲಿತ್ತು. ಸರ್ಕಾರ ಉಣಿಸಿದರೆ ಜನ ಸೋಮಾರಿಗಳಾಗುತ್ತಾರೆ, ವ್ಯಾಪಾರಕ್ಕೆ ಅಡ್ಡಿಯಾಗುತ್ತದೆ ಎಂಬ ನಂಬಿಕೆಯವನು. 1848ರಲ್ಲಿ ಅವನಿಗೆ ‘ಸರ್’ ಪದವಿ ದೊರೆಯಿತು. ಭಾರತದಲ್ಲಿಯೇ ತನ್ನ ಅಧಿಕಾರಿಜೀವನವನ್ನು ಆರಂಭಿಸಿದ್ದ ಈತ 1859ರಲ್ಲಿ ಮದರಾಸಿನ ಗವರ್ನರಾಗಿ ಮತ್ತೆ ಬಂದ. ಅವನು ಹೋದ ಹದಿನಾರು ವರ್ಷಗಳಿಗೆ ನಮ್ಮ ಧಾತು–ಈಶ್ವರ ಸಂವತ್ಸರಗಳ ಬರ, ಅಂದರೆ 1876–78ರ ಮಹಾಕ್ಷಾಮ. ನಮ್ಮ ರಾಗಿಗೆ ಅಂಗಮಾರಿ ಬಂದಿರಲಿಲ್ಲ, ಮಳೆ ಬಂದಿರಲಿಲ್ಲ. ಆದರೆ ಮೇಲಿದ್ದವರ ತರ್ಕ ಮಾತ್ರ ಅದೇ. ಕಲ್ಲು ಒಡೆಯುವವನ ಕೂಲಿಯನ್ನು ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡು, ಎಂದರೆ ನಾನೂರ ಐವತ್ತು ಗ್ರಾಂ ಧಾನ್ಯದ ಲೆಕ್ಕಕ್ಕೆ ಇಳಿಸಿದ. ಭಾರತದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹೋಗುವುದು ನಿಲ್ಲಲಿಲ್ಲ. ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಐವತ್ತು ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗಿತ್ತು. ನನ್ನ ಬಾಲ್ಯದಲ್ಲಿ ಊಟದ ಎಲೆಯಲ್ಲಿ ಅನ್ನ ಬಿಟ್ಟರೆ ಹಿರಿಯರು ಧಾತು ಬರದ ಹೆಸರೆತ್ತಿ ಗದರಿಸುತ್ತಿದ್ದರು. ನಾನು ಐರ್ಲೆಂಡನ್ನು ಒಂದು ವಾಕ್ಯದಲ್ಲಿಯೂ ಇದನ್ನು ಇನ್ನೊಂದು ವಾಕ್ಯದಲ್ಲಿಯೂ, ಎರಡು ಬೇರೆ ಅಧ್ಯಾಯಗಳಲ್ಲಿ ಕಲಿಸಿದೆ.

ಈಗ ಆ ಹುಡುಗನಿಗೆ ಉತ್ತರ ಹೇಳಬಹುದು.

ನಿಮ್ಮ ಮನೆಯವರು ಸಾಯಲಿಲ್ಲ, ಏಕೆಂದರೆ ನಿಮ್ಮ ಆಲೂಗಡ್ಡೆಯ ಹೊಲದ ಪಕ್ಕದಲ್ಲಿ ರಾಗಿಯ ಹೊಲವಿತ್ತು, ಹಿತ್ತಿಲಿನಲ್ಲಿ ಎರಡು ತೆಂಗಿನ ಮರವಿತ್ತು, ಕೊಟ್ಟಿಗೆಯಲ್ಲಿ ಕರೆಯುವ ಹಸುವಿತ್ತು. ಸೊಸೈಟಿಯ ಅಂಗಡಿಯಲ್ಲಿ ಕಾರ್ಡು ತೋರಿಸಿದರೆ ಅಕ್ಕಿ ಸಿಗುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಆ ಹೊಲ ನಿಮ್ಮದಾಗಿತ್ತು. ನಿಮ್ಮ ತಾತ ಗೇಣಿದಾರರಾಗಿದ್ದವರು; 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ಏಳನೆಯ ನಂಬರಿನ ಫಾರಂ ತುಂಬಿ ಕೊಟ್ಟು ಒಡೆಯರಾದವರು ಎಂಬುದನ್ನು ನಿಮ್ಮ ತಂದೆಯವರೇ ಆಮೇಲೆ ಒಮ್ಮೆ ನನಗೆ ಹೇಳಿದರು. ಐರ್ಲೆಂಡಿನವನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ರೋಗ ಎರಡೂ ಕಡೆ ಒಂದೇ. ಅದರ ಸುತ್ತಲಿನದು ಬೇರೆ.

ಇಷ್ಟನ್ನು ಅಂದು ಹತ್ತು ನಿಮಿಷದಲ್ಲಿ ಹೇಳಬಹುದಿತ್ತು. ಹೇಳಿದ್ದರೆ ಬಿತ್ತನೆಗಡ್ಡೆಯ ಸಾಲ ತೀರುತ್ತಿರಲಿಲ್ಲ, ಅದು ನನಗೆ ಗೊತ್ತು. ಅಂಗಮಾರಿ ಅವನ ಮನೆಯವರ ಪ್ರಾಣ ತೆಗೆಯಲಿಲ್ಲ, ಅವನ ಓದನ್ನು ತೆಗೆಯಿತು. ಆದರೆ ‘ಕೂತ್ಕೋ’ ಎಂದವನು ನಾನು. ಶುಲ್ಕದ ಕೊನೆಯ ದಿನ ಅವನು ಏಕೆ ಬರಲಿಲ್ಲವೆಂದು ಮನೆಗೆ ಹೋಗಿ ಕೇಳದಿದ್ದವನೂ ನಾನೇ.

ಆ ಸಂಜೆ ಸೂಪನ್ನು ಬಡಿಸಿದಾಗ ಮೊಮ್ಮಗ ಎರಡು ಬಟ್ಟಲು ಕುಡಿದ. ನನ್ನ ಶ್ರೀಮತಿ, ಒಗ್ಗರಣೆಯಿಲ್ಲದೆ ಇದು ರೋಗಿಯ ಪಥ್ಯದಂತಿದೆ ಎಂದು ಹೇಳಿ ಜೀರಿಗೆ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟಳು. ರುಚಿ ಹೆಚ್ಚಿತೆಂದು ಎಲ್ಲರೂ ಒಪ್ಪಿದೆವು.

ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ತಂಡದಲ್ಲಿ ಓದಿದವರಿಗೆ ಅವನು ಯಾರೆಂದು ಗೊತ್ತಾಗಿರುತ್ತದೆ. ನಿಮ್ಮಲ್ಲಿ ಯಾರಾದರೂ ಊರಿಗೆ ಹೋದಾಗ ಅವನನ್ನು ಕಂಡರೆ, ಮೇಷ್ಟ್ರು ಉತ್ತರ ಬರೆದಿದ್ದಾರೆಂದು ಹೇಳಿ, ಇದನ್ನು ಓದಿಹೇಳಿದರೆ ಉಪಕಾರವಾಗುತ್ತದೆ. ಆ ಸೀಮೆಯಲ್ಲಿ ಈಗ ಎಷ್ಟೋ ಮಂದಿ ಆಲೂಗಡ್ಡೆಯನ್ನು ಬಿಟ್ಟು ಮುಸುಕಿನ ಜೋಳಕ್ಕೂ ಶುಂಠಿಗೂ ಹೋಗಿದ್ದಾರೆ. ಅವನು ಈ ಮೇ ತಿಂಗಳಲ್ಲಿ ಏನು ಬಿತ್ತಿದನೆಂಬುದನ್ನೂ ಕೇಳಿ ತಿಳಿಸಿ.